ಗಲಾಟೆ ಆಯ್ತಂತೆ

2016ರ ಸೆಪ್ಟೆಂಬರ್ 12, ಸೋಮವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಚೆನ್ನೈನ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿಗೆ ಒಂದು ಗುಂಪು ಬಂದು ಗಾಜು ಒಡೆಯಿತು, ಪೆಟ್ರೋಲ್ ಬಾಂಬ್ ಎಸೆಯಿತು, ಕರಪತ್ರ ಚೆಲ್ಲಿ ಹೋಯಿತು. ಕರ್ನಾಟಕದಲ್ಲಿ ತಮಿಳರ ಮೇಲೆ ಕೈಮಾಡಿದರೆ ಇಲ್ಲಿ ಉತ್ತರ ಸಿಗುತ್ತದೆ ಎಂಬುದು ಕರಪತ್ರದ ಸಾರ. ವುಡ್‌ಲ್ಯಾಂಡ್ಸ್ ಎಂಬ ಹೆಸರು ಮದರಾಸಿಗೆ ಬಂದದ್ದು 1938ರಲ್ಲಿ, ಉಡುಪಿ ಕಡೆಯ ಕೆ. ಕೃಷ್ಣರಾಯರ ಮೂಲಕ. ಅದು ಕನ್ನಡದವರ ಹೋಟೆಲು ಎಂದು ಊರಿಗೆಲ್ಲ ಗೊತ್ತು. ಅದೇ ದಿನ ಮಧ್ಯಾಹ್ನ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಲಾರಿಗಳಿಗೆ ಬೆಂಕಿ ಬಿತ್ತು. ಒಂದು ಡಿಪೋದಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಸಾಲಾಗಿ ಸುಟ್ಟುಹೋದವು. ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ.

ಆ ದಿನ ಎರಡೂ ಊರುಗಳ ನಡುವೆ ಫೋನುಗಳು ಬಿಡುವಿಲ್ಲದೆ ಹೊಡೆದುಕೊಂಡವು. ಚೆನ್ನೈನ ಟಿ. ನಗರದಲ್ಲೋ ಟ್ರಿಪ್ಲಿಕೇನಿನಲ್ಲೋ ಇರುವ ಮಗನಿಗೆ ಕುಂದಾಪುರದಿಂದ ಅಮ್ಮ, ಬೆಂಗಳೂರಿನ ಶ್ರೀರಾಂಪುರದ ಅಕ್ಕನಿಗೆ ವೇಲೂರಿನಿಂದ ತಮ್ಮ. ಕನ್ನಡದಲ್ಲಿ ಮಾತಾಡಿದವರ ಬಾಯಲ್ಲೆಲ್ಲ ಇದ್ದದ್ದು ಒಂದೇ ಪ್ರಶ್ನೆ: ‘ಅಲ್ಲೇನೋ ಗಲಾಟೆಯಂತೆ?’

ಬಸ್ಸು ಸುಡುವುದಕ್ಕೂ ಗಲಾಟೆ. ಮಧ್ಯಾಹ್ನ ಮಲಗಿದ್ದಾಗ ಹಜಾರದಲ್ಲಿ ಮಕ್ಕಳು ಕುಣಿದರೂ ಗಲಾಟೆ. ಮದುವೆ ಮನೆಯಲ್ಲಿ ಗಂಡಿನ ಕಡೆಯವರಿಗೆ ಕಾಫಿ ತಡವಾದರೂ ಗಲಾಟೆಯೇ. ಇಷ್ಟು ದೊಡ್ಡದಕ್ಕೂ ಇಷ್ಟು ಚಿಕ್ಕದಕ್ಕೂ ಒಂದೇ ಪದ ಹೇಗೆ ಸಾಕಾಯಿತು?

ಪದದ ಜೊತೆ ಬರುವ ಕ್ರಿಯಾಪದವನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮಕ್ಕಳು ಗಲಾಟೆ ‘ಮಾಡುತ್ತಾರೆ’. ಕುಡಿದವನು ಬಾರಿನಲ್ಲಿ ಗಲಾಟೆ ‘ಮಾಡಿದ’. ಆದರೆ ಊರಿಗೆ ಬೆಂಕಿ ಬಿದ್ದಾಗ ಗಲಾಟೆ ‘ಆಗುತ್ತದೆ’. ಸಣ್ಣದಕ್ಕೆ ಮಾಡಿದವನಿದ್ದಾನೆ, ಅವನ ಕಿವಿ ಹಿಂಡಬಹುದು. ದೊಡ್ಡದಾಗುತ್ತ ಹೋದಂತೆ ಮಾಡಿದವನು ವಾಕ್ಯದಿಂದ ಮೆಲ್ಲಗೆ ಜಾರಿಕೊಳ್ಳುತ್ತಾನೆ. ಪತ್ರಿಕೆಯ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಗಲಭೆ ಭುಗಿಲೆದ್ದಿತು’ ಎನ್ನುತ್ತದೆ. ತಮಿಳು ಪತ್ರಿಕೆಗಳಲ್ಲೂ ಇದೇ ಚಾಳಿ: ಅಲ್ಲಿ ಕಲವರಂ ‘ವೆಡಿತ್ತದು’, ಅಂದರೆ ಸಿಡಿಯಿತು, ಇಲ್ಲವೇ ‘ಮೂಂಡದು’, ಅಂದರೆ ಹೊತ್ತಿಕೊಂಡಿತು. ಸೀಮೆಎಣ್ಣೆ ತಂದವನು, ಕಡ್ಡಿ ಗೀರಿದವನು ಎರಡು ಭಾಷೆಯಲ್ಲೂ ನಾಪತ್ತೆ.

ಇನ್ನರ್ಧ ಉತ್ತರ ಪದದ ಹುಟ್ಟಿನಲ್ಲಿದೆ. ಗಲಗಲ, ಗಲಿಬಿಲಿ, ಗಲಭೆ, ಗಲಾಟೆ. ಪಕ್ಕದ ಮರಾಠಿಯಲ್ಲಿ ಗಲಬಲಾ. ಎಲ್ಲವೂ ಸದ್ದಿನ ಬಳಗದವು. ಏನು ನಡೆಯಿತು ಎಂದು ಈ ಪದಗಳು ಹೇಳುವುದಿಲ್ಲ, ಏನು ಕೇಳಿಸಿತು ಎಂದು ಹೇಳುತ್ತವೆ. ಹಾಗಾಗಿ ಗಲಾಟೆ ಎಂಬುದು ಪಕ್ಕದ ಬೀದಿಯಲ್ಲಿ ನಿಂತವರ ಪದ. ಹೊಡೆದವರಿಗೂ ಹೊಡೆಸಿಕೊಂಡವರಿಗೂ ಬೇರೆ ಪದಗಳಿರುತ್ತವೆ. ಬಾಗಿಲ ಅಗುಳಿ ಹಾಕಿಕೊಂಡು ಒಳಗೆ ಕೂತವರಿಗೆ ಕೇಳಿಸುವುದು ಗಲಾಟೆ.

ಚೆನ್ನೈಗೂ ಈ ಪದ ಹೊಸದಲ್ಲ. ಅಲ್ಲಿ ಅದು ‘ಗಲಾಟ್ಟಾ’. ತಮಿಳು ಲಿಪಿಯಲ್ಲಿ ಕ-ಗಗಳಿಗೆ ಬೇರೆ ಬೇರೆ ಅಕ್ಷರವಿಲ್ಲದ್ದರಿಂದ ಬರೆಯುವಾಗ ‘ಕಲಾಟ್ಟಾ’, ನುಡಿಯುವಾಗ ‘ಗಲಾಟ್ಟಾ’. ಅಚ್ಚ ತಮಿಳಿನ ಪದ ಗಕಾರದಿಂದ ಶುರುವಾಗುವುದಿಲ್ಲ. ಅಂದರೆ ಈ ಪದ ಅಲ್ಲಿ ನೆಂಟ. ನೆಂಟನಾಗಿ ಬಂದದ್ದಕ್ಕೋ ಏನೋ, ಅಲ್ಲಿ ಅದರ ಸ್ವಭಾವ ಹಗುರ. ಕಾಲೇಜು ಹುಡುಗರ ಕೀಟಲೆ, ಗೆಳೆಯರ ಕಾಲೆಳೆತ, ಮದುವೆ ಮನೆಯ ಗದ್ದಲ. ಶಿವಾಜಿ ಗಣೇಶನ್ ಅವರ 1968ರ ನಗೆಚಿತ್ರದ ಹೆಸರು ‘ಗಲಾಟ್ಟಾ ಕಲ್ಯಾಣಂ’. ಕನ್ನಡ ಸಿನಿಮಾವೂ ಹಿಂದೆ ಬೀಳಲಿಲ್ಲ: 1977ರಲ್ಲಿ ವಿಷ್ಣುವರ್ಧನ್ ಮತ್ತು ರಜನೀಕಾಂತ್ ಇದ್ದ ‘ಗಲಾಟೆ ಸಂಸಾರ’, 2000ದಲ್ಲಿ ಶಿವರಾಜ್‌ಕುಮಾರ್ ಅವರ ‘ಗಲಾಟೆ ಅಳಿಯಂದ್ರು’. ಮದುವೆ, ಸಂಸಾರ, ಅಳಿಯ. ಮನೆಯೊಳಗಿನ ಗಲಾಟೆ ಎರಡೂ ಕಡೆ ನಗೆಯ ಸರಕು.

ವ್ಯತ್ಯಾಸ ಬರುವುದು ಬೀದಿಗಿಳಿದಾಗ. ಕನ್ನಡಿಗರು ಅದೇ ಗಲಾಟೆಯನ್ನು ಬೀದಿಗೂ ಒಯ್ಯುತ್ತಾರೆ. ತಮಿಳರು ಗಲಾಟ್ಟಾವನ್ನು ಸಾಮಾನ್ಯವಾಗಿ ಮನೆಯಲ್ಲಿ ಬಿಟ್ಟು ‘ಕಲವರಂ’ ಎಂಬ ಇನ್ನೊಂದು ಪದವನ್ನು ತೆಗೆಯುತ್ತಾರೆ. ಮನೆಮನೆಯಲ್ಲೂ ತೆಲುಗು, ತಮಿಳು, ಕನ್ನಡ ಬೆರೆತಿರುವ ಚೆನ್ನೈನಲ್ಲಿ ಈ ಪದ ಒಂದು ವಿಚಿತ್ರ ಆಟ ಆಡುತ್ತದೆ. ತೆಲುಗಿನವರಿಗೆ ಕಲವರಂ ಅಂದರೆ ಮನಸ್ಸಿನ ದಿಗಿಲು. ಕನ್ನಡದ ಕಿವಿಗೆ ಅದು ಕಳವಳದ ಒಡಹುಟ್ಟಿನಂತೆ ಕೇಳುತ್ತದೆ. ತಮಿಳಿನಲ್ಲೂ ಅದಕ್ಕೆ ಮನಸ್ಸು ಕದಡುವುದು ಎಂಬ ಅರ್ಥವಿದೆ. ಆದರೆ ಪತ್ರಿಕೆಯ ತಲೆಬರಹದಲ್ಲಿ ಅದು ಕಲ್ಲು, ಬೆಂಕಿ, ಲಾಠಿ. ಒಳಗೆ ಇದ್ದ ಕಳವಳವೇ ಹೊರಗೆ ಬಂದು ಕಲವರವಾಯಿತು ಎಂದರೆ ಭಾಷಾಶಾಸ್ತ್ರಕ್ಕಿಂತ ಕವಿತ್ವ ಹೆಚ್ಚಾದೀತು. ಆದರೂ ತಮಿಳು ಓದಲು ಕಲಿಯುತ್ತಿರುವ ಕನ್ನಡಿಗ ಚಹಾ ಅಂಗಡಿಯಲ್ಲಿ ತೂಗುಹಾಕಿದ ಪತ್ರಿಕೆಯ ಪೋಸ್ಟರ್ ನೋಡಿ, ಇಡೀ ಊರಿಗೇ ಯಾಕಪ್ಪಾ ಕಳವಳ ಎಂದುಕೊಂಡರೆ ಅವನದು ತಪ್ಪೆನ್ನಲಾಗದು.

‘ಕಲಗಂ’ ಇನ್ನೊಂದು. ಕನ್ನಡದಲ್ಲಿ ಕಲಹ ಅಣ್ಣತಮ್ಮಂದಿರ ಜಗಳವಾಗಿ ಉಳಿಯಿತು. ತಮಿಳಿನ ಕಲಗಂ ಸಿಪಾಯಿಗಳ ಬಂಡಾಯದ ತನಕ ಬೆಳೆಯಿತು. ಅದರ ಪಕ್ಕದಲ್ಲೇ, ಹೊರಗಿನವರ ಕಿವಿಗೆ ಹೆಚ್ಚುಕಡಿಮೆ ಒಂದೇ ತರ ಕೇಳುವ ‘ಕಳಗಂ’ ಇದೆ, ದ್ರಾವಿಡ ಕಳಗಂನ ಕಳಗಂ. ಅದರ ಅರ್ಥ ಸಂಘ, ಕೂಟ. ತಿರುಕ್ಕುರಳ್‌ನ ಕಾಲಕ್ಕೆ ಅದು ಜೂಜಿನ ಕಟ್ಟೆ. ಜನ ಒಂದೆಡೆ ಸೇರುವ ಜಾಗ ಎಂಬಷ್ಟು ಮಾತ್ರ ಎಲ್ಲ ಕಾಲಕ್ಕೂ ಸಮಾನ.

ಜನ ಒಂದೆಡೆ ಸೇರುವುದನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಮದರಾಸಿನ ಕೋಟೆಯ ಮುಂದೆ ಒಮ್ಮೆ ಕನ್ನಡ ಪದದಲ್ಲೇ ಬಂದು ನಿಂತಿತ್ತು. ಟಿಪ್ಪು ಸತ್ತ ಮೇಲೆ, 1799ರಲ್ಲಿ ಕೆನರಾ ಜಿಲ್ಲೆ ಕಂಪನಿಯ ಕೈಗೆ ಬಂತು. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯ ಲೆಕ್ಕ ಒಪ್ಪಿಸಬೇಕಾದದ್ದು ಸೇಂಟ್ ಜಾರ್ಜ್ ಕೋಟೆಗೆ. (ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರ್ ಆದವನು. ರಿಕಾಪಿಲ್ಲದ ಕುದುರೆಯ ಮೇಲೆ ಇಂದಿಗೂ ಚೆನ್ನೈನಲ್ಲಿ ಕೂತಿದ್ದಾನೆ.) 1830-31ರಲ್ಲಿ ಧಾನ್ಯದ ಬೆಲೆ ಕುಸಿದಿತ್ತು, ಕಂದಾಯ ಮಾತ್ರ ಇಳಿದಿರಲಿಲ್ಲ. ಕೆನರಾದ ರೈತರು ಊರೂರಲ್ಲಿ ಸೇರಿದರು, ಅರ್ಜಿ ಬರೆದರು, ಕಂದಾಯ ಕಟ್ಟುವುದಿಲ್ಲ ಎಂದು ಕೂತರು. ಘಟ್ಟದ ಮೇಲೆ ಮೈಸೂರಿನ ಅರಸರ ಕೈಕೆಳಗಿದ್ದ ನಗರ ಸೀಮೆಯಲ್ಲೂ ಅದೇ ಹೊತ್ತಿಗೆ ರೈತರು ಎದ್ದಿದ್ದರು. ಅದು ಶಸ್ತ್ರ ಹಿಡಿಯುವ ಹಂತಕ್ಕೆ ಹೋಗಿ, 1831ರಲ್ಲಿ ಕೃಷ್ಣರಾಜ ಒಡೆಯರ ಆಡಳಿತವನ್ನೇ ಬ್ರಿಟಿಷರು ಕಿತ್ತುಕೊಳ್ಳಲು ನೆಪವಾಯಿತು. ಎರಡೂ ಕಡೆ ರೈತರು ತಾವು ಸೇರುವುದನ್ನು ಕರೆದದ್ದು ‘ಕೂಟ’ ಎಂದು.

ಕೂಟ ಎಂಬುದಕ್ಕಿಂತ ನಿರುಪದ್ರವಿ ಪದ ಕನ್ನಡದಲ್ಲಿ ಸಿಗುವುದು ಕಷ್ಟ. ಸಂತೋಷಕೂಟ, ಭೋಜನಕೂಟ. ದಕ್ಷಿಣ ಕನ್ನಡದಲ್ಲಿ ರಾತ್ರಿಯಿಡೀ ಅರ್ಥ ಹೇಳುವ ತಾಳಮದ್ದಳೆಗೂ ಕೂಟ ಎಂದೇ ಹೆಸರು. ಕಂಪನಿಯ ಅಧಿಕಾರಿಗಳು ಈ ಪದವನ್ನು ಅನುವಾದಿಸದೆ ತಮ್ಮ ಇಂಗ್ಲಿಷ್ ಕಾಗದಗಳಲ್ಲಿ ಹಾಗೇ ಇಟ್ಟರು, ‘ಕೂಟ್’ ಎಂದು. ಆ ಕಾಗದಗಳಲ್ಲಿ ಅದು ಅಪಾಯದ ಹೆಸರಾಯಿತು; ಇತಿಹಾಸದ ಪುಸ್ತಕಗಳಿಗೆ ಬರುವಾಗ ‘ಕೂಟ ಬಂಡಾಯ’ವೇ ಆಗಿತ್ತು. ಕಂದಾಯ ಕಡಿಮೆ ಮಾಡಿ ಎಂದು ಕೇಳಲು ಕೂತವರ ಪದವೇ ಅವರ ಮೇಲಿನ ಆರೋಪವಾಗಿ ತಿರುಗಿದ್ದನ್ನು ಆ ರೈತರು ಓದಿರಲಾರರು.

ಆ ಆರೋಪ ಇಂದಿಗೂ ಕನ್ನಡದಲ್ಲಿ ಜೀವಂತವಾಗಿದೆ. ಕರ್ನಾಟಕದ ಯಾವುದೇ ಪೊಲೀಸ್ ಠಾಣೆಯ ಎಫ್‌ಐಆರ್ ತೆಗೆದರೂ ‘ಅಕ್ರಮ ಕೂಟ ಕಟ್ಟಿಕೊಂಡು’ ಎಂಬ ಮಾತು ಎದುರಾಗುತ್ತದೆ. ಐದು ಅಥವಾ ಹೆಚ್ಚು ಜನ ಕಾನೂನು ಒಪ್ಪದ ಉದ್ದೇಶಕ್ಕೆ ಸೇರಿದರೆ ಅಕ್ರಮ ಕೂಟ. ಆ ಕೂಟದಲ್ಲಿ ಒಬ್ಬ ಬಲಪ್ರಯೋಗ ಮಾಡಿದರೂ ಸಾಕು, ಅದೇ ಉದ್ದೇಶಕ್ಕೆ ಸೇರಿದ ಎಲ್ಲರೂ ‘ದೊಂಬಿ’ಯ ಅಪರಾಧಿಗಳು. 1860ರ ದಂಡ ಸಂಹಿತೆಯಲ್ಲಿ ಅದು 146ನೇ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 191. ತೆಲುಗಿನಲ್ಲಿ ಇದೇ ದೊಮ್ಮಿ. ತಮಿಳು ಕಾನೂನಿನಲ್ಲಿ ಕಲಗಂ. ಬೀದಿಯ ಮಾತಿನಲ್ಲಿ ಮಾಡಿದವನೇ ಇಲ್ಲದ ಗಲಾಟೆ ಠಾಣೆಯ ಬಾಗಿಲು ದಾಟುತ್ತಲೇ ಎ1, ಎ2, ಎ3 ಎಂದು ತಲೆ ಎಣಿಸುವ ದೊಂಬಿಯಾಗುತ್ತದೆ. ಎಣಿಸಿದ್ದು ಸರಿಯಾದ ತಲೆಗಳನ್ನೇ ಎಂಬುದು ಬೇರೆ ಮಾತು. ದೂರದಲ್ಲಿ ನಿಂತು ನೋಡುತ್ತಿದ್ದವನು ಎ14 ಆದ ಕಥೆಗಳಿಗೆ ಯಾವ ತಾಲ್ಲೂಕಿನಲ್ಲೂ ಬರವಿಲ್ಲ.

ಆ ದಂಡ ಸಂಹಿತೆಯ ಮೊದಲ ಕರಡನ್ನು ಮೆಕಾಲೆ ಮತ್ತು ಸಂಗಡಿಗರು ಒಪ್ಪಿಸಿದ್ದು 1837ರಲ್ಲಿ. ಅದೇ ವರ್ಷ ಮದರಾಸು ಪ್ರಾಂತದ ಕನ್ನಡ ನೆಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದಕ್ಕೆ ಏನು ಹೆಸರಿಡಬೇಕೆಂಬ ಜಗಳ ಇಂದಿಗೂ ಪೂರ್ತಿ ಮುಗಿದಿಲ್ಲ.

1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪನಿ, ಅವನ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರು ಭಾಗಗಳನ್ನು ಕೆನರಾಕ್ಕೆ, ಅಂದರೆ ಮದರಾಸಿಗೆ ಸೇರಿಸಿತು. ಅರಸನ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕಟ್ಟಬೇಕು. ಕಾಡಂಚಿನ ರೈತನಿಗೆ ನಗದು ಎಲ್ಲಿಂದ ಬರಬೇಕು? ಸಾಹುಕಾರನಿಂದ. ಉಪ್ಪು, ಹೊಗೆಸೊಪ್ಪಿನ ಮೇಲಿನ ಕಂಪನಿಯ ಹಿಡಿತ ಬೇರೆ. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಹೊರಟ ಜನ ಬೆಳ್ಳಾರೆಯ ಖಜಾನೆ ಹಿಡಿದರು. ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಎಂದು ಹೇಳಿಕೊಂಡವನೊಬ್ಬನನ್ನು ಮುಂದಿಟ್ಟುಕೊಂಡು ಘಟ್ಟದ ಕೆಳಗೆ ನಡೆದರು. ಏಪ್ರಿಲ್ 5ರಂದು ಮಂಗಳೂರು ಅವರ ಕೈಯಲ್ಲಿತ್ತು. ಬಾವುಟ ಹಾರಿಸಿದ ಗುಡ್ಡಕ್ಕೆ ಇವತ್ತಿಗೂ ಬಾವುಟಗುಡ್ಡ ಎಂದೇ ಹೆಸರು. ಹದಿಮೂರು ದಿನ ಊರು ಅವರದಾಗಿತ್ತು. ಆಮೇಲೆ ಹೊರಗಿನಿಂದ ಪಡೆ ಬಂತು. ಕಲ್ಯಾಣಸ್ವಾಮಿಯನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಕಂಪನಿಯ ಪರ ನಿಂತ ಕೊಡಗಿನವರಿಗೆ ಪದಕ ಸಿಕ್ಕಿತು.

ಮದರಾಸಿಗೆ ಇದು ಬಂಡಾಯ, ರಾಜದ್ರೋಹ. ಅದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವಿರುವುದು ಊರಿನವರ ಬಾಯಲ್ಲಿ ಉಳಿದ ಹೆಸರಿನಲ್ಲಿ: ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಸುಲಿಗೆ, ಕಾಟ ಕೊಡುವ ದಂಡಿನ ಹಾವಳಿ. ಯಾರ ಪರವಾಗಿ ಎದ್ದರೋ ಆ ಜನರ ಮಾತಿನಲ್ಲೇ ಅದು ಒಂದು ನೂರು ವರ್ಷಕ್ಕೂ ಮೀರಿ ಕಾಟಕಾಯಿಯಾಗಿಯೇ ಇತ್ತು. ಸೋತವರ ಹೆಸರು ಹೇಳಿದರೆ ಕುತ್ತು ಬರುವ ಕಾಲದಲ್ಲಿ ಆಳುವವರಿಗೆ ಹಿತವಾದ ಹೆಸರನ್ನೇ ಹೇಳುವುದು ಜಾಣತನವಾಗಿತ್ತೆನ್ನಬಹುದು. ಹಾದಿಯಲ್ಲಿ ದಂಡಿಗೆ ಅಕ್ಕಿ, ಕಾಯಿ ಕೊಡಬೇಕಾಗಿ ಬಂದ ಮನೆಗಳಿಗೆ ಅದು ನಿಜವಾಗಿಯೂ ಕಾಟವೇ ಆಗಿದ್ದೀತು. ಎರಡನೆಯದನ್ನು ಇಂದಿನ ಅಭಿಮಾನದ ಬರಹಗಳು ಸುಲಭವಾಗಿ ಒಪ್ಪುವುದಿಲ್ಲ, ಆದರೆ ಹೋರಾಟದ ದಂಡೂ ಹೊಟ್ಟೆಗೆ ತಿನ್ನುತ್ತದೆ.

ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದು ಆ ಹೆಸರಿನ ಮೇಲಿನ ಧೂಳು ಕೊಡವಿದರು. ಸುಳ್ಯದ ಕಡೆಯ ಸಂಶೋಧಕರು ಅದನ್ನು ರೈತ ಹೋರಾಟ ಎಂದು ಕರೆದರು, ಇನ್ನು ಕೆಲವರು ಸ್ವಾತಂತ್ರ್ಯ ಸಮರ ಎಂದರು. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಕಾಟಕಾಯಿ ಎನ್ನುವುದು ಈಗ ಬೈಗುಳಕ್ಕೆ ಸಮ. ಆದರೆ 1857ಕ್ಕೆ ಇಪ್ಪತ್ತು ವರ್ಷ ಮೊದಲಿನ ಈ ಸಂಗತಿಗೆ ‘ಸ್ವಾತಂತ್ರ್ಯ ಸಮರ’ ಎಂಬ ಹೆಸರೂ ಸಂಪೂರ್ಣ ಒಗ್ಗುವುದಿಲ್ಲ. ನಗದು ಕಂದಾಯದ ಸಂಕಟ ಆ ಹೆಸರಿನೊಳಗೆ ಕಾಣುವುದಿಲ್ಲ.

ಮದರಾಸಿನಲ್ಲೂ ಹೆಸರು ಮತ್ತು ಪ್ರತಿಮೆಗಳ ಇಂಥದೇ ಲೆಕ್ಕಾಚಾರ ನಡೆದಿದೆ. 1857ರಲ್ಲಿ ಉತ್ತರದಲ್ಲಿ ಬಂಡಾಯ ಅಡಗಿಸಲು ಹೋದ ಮದ್ರಾಸ್ ಫ್ಯುಸಿಲಿಯರ್ಸ್ ಪಡೆಯ ಕರ್ನಲ್ ನೀಲ್, ಅಲಹಾಬಾದ್ ಮತ್ತು ಕಾನ್ಪುರದಲ್ಲಿ ನಡೆಸಿದ ಕ್ರೌರ್ಯಕ್ಕೆ ಕುಖ್ಯಾತ. ಅವನ ಪ್ರತಿಮೆ ಮೌಂಟ್ ರೋಡಿನಲ್ಲಿತ್ತು. 1857 ‘ಸಿಪಾಯಿ ದಂಗೆ’ಯಾಗಿದ್ದ ತನಕ ಪ್ರತಿಮೆಗೆ ತೊಂದರೆ ಇರಲಿಲ್ಲ. ಅದು ಸಂಗ್ರಾಮವಾಗತೊಡಗಿದಾಗ ಪ್ರತಿಮೆ ಕಣ್ಣು ಚುಚ್ಚತೊಡಗಿತು. 1927ರಲ್ಲಿ ಅದನ್ನು ತೆಗೆಸಲು ಸತ್ಯಾಗ್ರಹ ನಡೆಯಿತು. ಜನ ಜೈಲಿಗೆ ಹೋದರು. 1937ರಲ್ಲಿ ರಾಜಾಜಿ ಸರ್ಕಾರ ಬಂದ ಮೇಲೆ ನೀಲ್ ಎಗ್ಮೋರಿನ ಮ್ಯೂಸಿಯಂ ಸೇರಿದ.

1965ರ ಜನವರಿಯಲ್ಲಿ ಮದರಾಸಿನ ಬೀದಿಗಳಲ್ಲಿ ಮತ್ತೆ ಬೆಂಕಿ, ಗುಂಡು. ಹಿಂದಿಯ ವಿರುದ್ಧ ಎದ್ದ ವಿದ್ಯಾರ್ಥಿಗಳು. ಕೋಡಂಬಾಕ್ಕಂ, ವಿರುಗಂಬಾಕ್ಕಂಗಳಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ ಯುವಕರು. ತಮಿಳುನಾಡಿಗೆ ಅದು ‘ಮೊಳಿಪ್ಪೋರ್’, ಭಾಷೆಯ ಯುದ್ಧ. ಸತ್ತವರು ತ್ಯಾಗಿಗಳು, ಪ್ರತಿ ಜನವರಿ 25ರಂದು ಅವರ ದಿನ. ಹಿಂದಿ ವಿರೋಧದ ಹೋರಾಟವನ್ನು ತಮಿಳರು ಪೋರಾಟ್ಟಂ ಎನ್ನುತ್ತಾರೆ. ಪಾಲು ಹಾಲಾಗಿ, ಪುಲಿ ಹುಲಿಯಾದ ದಾರಿಯಲ್ಲೇ ಆ ಪೋರು ಕನ್ನಡಕ್ಕೆ ಬಂದಾಗ ಹೋರಾಟ. ಪದ ಒಂದೇ. ಆದರೂ ದೂರದ ಕನ್ನಡದ ಊರುಗಳಲ್ಲಿ ರೈಲು ರದ್ದಾದ ಸುದ್ದಿ ಕೇಳಿದವರಿಗೆ ಅದು ಮದ್ರಾಸಿನ ಗಲಾಟೆ. ಗೋಕಾಕ್ ಚಳವಳಿಯನ್ನು ಮಾತ್ರ ಯಾವ ಕನ್ನಡಿಗನೂ ಗೋಕಾಕ್ ಗಲಾಟೆ ಎನ್ನಲಾರ. ನಮ್ಮದಾದರೆ ಚಳವಳಿ, ಪಕ್ಕದವರದಾದರೆ ಗಲಾಟೆ.

ಹಾಗಿದ್ದರೆ ನಮ್ಮವರೇ ತಪ್ಪು ಮಾಡಿದಾಗ? ಇಲ್ಲಿ ಗಲಾಟೆ ತನ್ನ ಅತಿ ದೊಡ್ಡ ಉಪಕಾರ ಮಾಡುತ್ತದೆ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಅದನ್ನು ತಡೆಯಲು ಕರ್ನಾಟಕ ಹೊರಡಿಸಿದ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದದ್ದೇ ತಡ, ಬೆಂಗಳೂರಿನಲ್ಲೂ ಸುತ್ತಲ ಜಿಲ್ಲೆಗಳಲ್ಲೂ ತಮಿಳರ ಮನೆ, ಗುಡಿಸಲು, ಅಂಗಡಿಗಳು ಉರಿದವು. ಜನ ಸತ್ತರು. ಸಾವಿರ ಸಾವಿರ ಮಂದಿ ಗಂಟುಮೂಟೆ ಕಟ್ಟಿ ಗಡಿಯಾಚೆ ಹೋದರು. ಅವರಲ್ಲಿ ಎಷ್ಟೋ ಜನ ತಮಿಳುನಾಡನ್ನು ನೆಂಟರ ಊರಾಗಿ ಮಾತ್ರ ಕಂಡವರು. ಬೆಂಗಳೂರಿನ ಮಾತಿನಲ್ಲಿ ಅದರ ಹೆಸರು ‘ಕಾವೇರಿ ಗಲಾಟೆ’. ಸೈಟು ಕೊಂಡದ್ದು ಕಾವೇರಿ ಗಲಾಟೆಗೆ ಮುಂಚೆ, ಮಗಳು ಹುಟ್ಟಿದ್ದು ಗಲಾಟೆ ಆದ ವರ್ಷ. ಬರಗಾಲದ ಹಾಗೆ, ಚಂಡಮಾರುತದ ಹಾಗೆ, ಬಂದು ಹೋದ ಒಂದು ಕಾಲದ ಗುರುತು. ಅದನ್ನು ಮಾಡಿದವರು ಯಾರೆಂದು ಆ ಹೆಸರು ಕೇಳುವುದಿಲ್ಲ, ಅನುಭವಿಸಿದವರು ಯಾರೆಂದೂ ಹೇಳುವುದಿಲ್ಲ. ಒಂದೇ ಬೀದಿಯಲ್ಲಿ ಮುಂದೆಯೂ ಒಟ್ಟಿಗೆ ಬಾಳಬೇಕಾದವರಿಗೆ ಅಂಥ ಪದ ಬೇಕಾಗುತ್ತದೆ ಎಂಬುದೂ ನಿಜ. ಹಾಲಿನ ಅಂಗಡಿಯ ಮುಂದೆ ನಿಂತು ‘ನಿಮ್ಮವರು ನಮ್ಮ ಮನೆ ಸುಟ್ಟಾಗ’ ಎಂದು ಮಾತು ಶುರುಮಾಡುವುದು ಕಷ್ಟ. ‘ಗಲಾಟೆ ಟೈಮಲ್ಲಿ’ ಎಂದರೆ ಇಬ್ಬರೂ ಮಾತಾಡಬಹುದು. ಆದರೆ ಆ ಸೌಕರ್ಯದ ಬೆಲೆ ತೆತ್ತವರು ಮನೆ ಕಳೆದುಕೊಂಡವರು.

2016ಕ್ಕೆ ಮರಳಿದರೆ, ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಲು ಹೇಳಿತ್ತು. 12ರಂದು ಅದನ್ನು 12,000ಕ್ಕೆ ಇಳಿಸಿ, ಅವಧಿಯನ್ನು 20ರವರೆಗೆ ಎಳೆಯಿತು. ಎರಡೂ ರಾಜ್ಯಗಳಲ್ಲಿ ಬಂದೋಬಸ್ತು ಬಂತು, ಚೆನ್ನೈನ ಕನ್ನಡದವರ ಹೋಟೆಲು, ಶಾಲೆಗಳ ಮುಂದೆ ಪೊಲೀಸರು ನಿಂತರು. ಇಂಥ ಹೊತ್ತಿನಲ್ಲಿ ಕನ್ನಡದ ಪೊಲೀಸ್ ಪ್ರಕಟಣೆ ‘ಅಹಿತಕರ ಘಟನೆ ನಡೆಯದಂತೆ’ ಎನ್ನುತ್ತದೆ. ತಮಿಳಿನಲ್ಲಿ ಅದಕ್ಕೆ ‘ಅಸಂಭಾವಿದಂ’ ಎಂಬ ಪದ. ಕನ್ನಡದ ಕಿವಿಗೆ ಅದು ಅಸಂಭವ, ಆಗಲಾರದ್ದು. ಆಗಲಾರದ್ದು ಆಗದಂತೆ ಕಟ್ಟೆಚ್ಚರ.

ಬಸ್ಸುಗಳು ಗಡಿ ದಾಟುತ್ತಿರಲಿಲ್ಲ. ಕರ್ನಾಟಕದವು ಅತ್ತಿಬೆಲೆಯಲ್ಲಿ ನಿಂತವು, ತಮಿಳುನಾಡಿನವು ಆಚೆ ಹೊಸೂರಿನ ಬದಿ. ನಡುವಿನ ಹೆದ್ದಾರಿಯನ್ನು ಜನ ತಲೆಯ ಮೇಲೆ ಚೀಲ, ಕಂಕುಳಲ್ಲಿ ಮಗು ಹೊತ್ತು ನಡೆದು ದಾಟಿದರು. ಆಚೆಯಿಂದ ಬರುವವರು ಈಚೆಯಿಂದ ಹೋಗುವವರನ್ನು ತಡೆದು ಮುಂದೆ ಬಸ್ಸು ಸಿಗುತ್ತದೆಯೇ ಎಂದು ಕೇಳುತ್ತಿದ್ದರು, ಕನ್ನಡದಲ್ಲೋ ತಮಿಳಿನಲ್ಲೋ, ಯಾವುದು ಬಾಯಿಗೆ ಬಂತೋ ಅದರಲ್ಲಿ.